ಒಳ್ಳೆಯ ಆಟವನ್ನು ನೆರೆಯವನಿಗೆ ಹೇಳುವ ಬಗೆ



ಒಳ್ಳೆಯ ಪುಸ್ತಕವನ್ನು ಓದಿದವನು ಅದನ್ನು ಇನ್ನೊಬ್ಬನಿಗೆ ಹೇಳದೆ ಇರಲಾರನು. ವಾಚನಾಲಯಗಳು ಬೆಳೆದದ್ದೇ ಈ ಗುಣದಿಂದ. "ಇದನ್ನು ಓದಿ ನೋಡು" ಎಂದು ಒಬ್ಬನು ಕೈಗಿತ್ತ ಪುಸ್ತಕ ಹತ್ತು ಕೈಗಳನ್ನು ದಾಟುತ್ತದೆ. ಈಗ ನಮ್ಮವರಲ್ಲಿ ಅನೇಕರ ಬಿಡುವಿನ ವೇಳೆಯಲ್ಲಿ ಪುಸ್ತಕದ ಜೊತೆಗೆ ವಿಡಿಯೋ ಗೇಮುಗಳೂ ಸೇರಿಕೊಂಡಿವೆ. ಲೋಕಲ್ ರೈಲಿನಲ್ಲಿ ನಿಂತವರ ಕೈಯಲ್ಲಿ, ಹೋಟೆಲಿನ ಮಧ್ಯಾಹ್ನದ ವಿರಾಮದಲ್ಲಿ, ರಾತ್ರಿ ಖೋಲಿಯಲ್ಲಿ ದೀಪ ಆರಿದ ಮೇಲೂ ಮೊಬೈಲಿನಲ್ಲಿ ಆಟ ನಡೆದಿರುತ್ತದೆ. ಆದಕಾರಣ "ಈ ಆಟ ಆಡಿ ನೋಡು" ಎಂಬ ಮಾತೂ ಈಗ ದಿನನಿತ್ಯದ್ದಾಗಿದೆ.

ಪುಸ್ತಕ ಹಿಡಿಸದೆ ಹೋದರೆ ಮರುದಿನ ಹಿಂದಿರುಗಿಸಿದರಾಯಿತು. ಆಟದ ವಿಷಯ ಅಷ್ಟು ಸುಲಭವಲ್ಲ. ಅದು ಹಣವನ್ನು ಕೇಳಬಹುದು, ನಿದ್ರೆಯನ್ನು ಕದಿಯಬಹುದು. ಸಂಬಳದಲ್ಲಿ ಬಾಡಿಗೆ, ಊಟ, ಊರಿಗೆ ಕಳುಹಿಸುವ ಹಣ ಇವೆಲ್ಲ ಕಳೆದು ಉಳಿಯುವುದು ಸ್ವಲ್ಪ. ದುಡಿಮೆ ಕಳೆದು ಉಳಿಯುವ ವೇಳೆಯೂ ಸ್ವಲ್ಪವೇ. ಇಂತಹವನಿಗೆ ನಾವು ಒಂದು ಆಟವನ್ನು ಶಿಫಾರಸು ಮಾಡಿದಾಗ ಅವನ ಹಣಕ್ಕೂ ವೇಳೆಗೂ ಸ್ವಲ್ಪಮಟ್ಟಿಗೆ ನಾವು ಹೊಣೆಯಾಗುತ್ತೇವೆ. ಈ ಹೊಣೆಯನ್ನು ಚೆನ್ನಾಗಿ ನಿರ್ವಹಿಸುವುದು ಹೇಗೆಂಬುದೇ ಈ ಸಲದ ಪಾಠ.

೧. ಬಾಯಿಮಾತಿನ ಬಲ

ಟೆಟ್ರಿಸ್ ಎಂಬ ಆಟವನ್ನು ನಮ್ಮಲ್ಲಿ ಅನೇಕರು ಆಡಿದ್ದಾರೆ. ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ ಸಾಲು ತುಂಬಿಸಿದರೆ ಆ ಸಾಲು ಮಾಯವಾಗುತ್ತದೆ, ಆಟವೆಂದರೆ ಇಷ್ಟೇ. ಇದನ್ನು ೧೯೮೪ರಲ್ಲಿ ಮಾಸ್ಕೋ ನಗರದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದ ನೌಕರನಾಗಿದ್ದ ಅಲೆಕ್ಸಿ ಪಾಜಿಟ್ನೋವ್ ರಚಿಸಿದನು. ಆತನು ಬಳಸಿದ ಎಲೆಕ್ಟ್ರೋನಿಕಾ ೬೦ ಎಂಬ ಯಂತ್ರದಲ್ಲಿ ಚಿತ್ರಗಳನ್ನು ಬರೆಯುವ ಸೌಕರ್ಯವೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿಯೇ ತುಂಡುಗಳನ್ನು ತೋರಿಸಬೇಕಾಯಿತು. ಬಳಿಕ ವಾದಿಮ್ ಗೆರಾಸಿಮೋವ್ ಎಂಬ ಹದಿಹರೆಯದ ಹುಡುಗನ ನೆರವಿನಿಂದ ಆಟವು ಐಬಿಎಂ ಗಣಕಕ್ಕೆ ಬಂದಿತು.

ಅಲ್ಲಿಂದ ಮುಂದೆ ನಡೆದುದನ್ನು ಗಮನಿಸಬೇಕು. ಅದಕ್ಕೆ ಅಂಗಡಿಯಾಗಲಿ ಜಾಹೀರಾತಾಗಲಿ ಇರಲಿಲ್ಲ. ಆಡಿದವನು ಫ್ಲಾಪಿಯಲ್ಲಿ ನಕಲು ಮಾಡಿ ಗೆಳೆಯನಿಗೆ ಕೊಟ್ಟನು. ಗೆಳೆಯನು ತನ್ನ ಕಚೇರಿಗೆ ಒಯ್ದನು. ಹೀಗೆ ಕೈಯಿಂದ ಕೈಗೆ ಸಾಗಿ ಆಟವು ಮಾಸ್ಕೋವನ್ನು ವ್ಯಾಪಿಸಿ ಹಂಗೇರಿಯನ್ನೂ ತಲುಪಿತು. ೧೯೮೯ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ತನ್ನ ಗೇಮ್ ಬಾಯ್ ಎಂಬ ಕೈಯಂತ್ರದೊಡನೆ ಅದನ್ನು ಕೊಟ್ಟ ಮೇಲೆ ಲೋಕವೆಲ್ಲ ಅದನ್ನು ಅರಿಯಿತು. ರಚಿಸಿದವನಿಗೆ ಗೌರವಧನ ಬರತೊಡಗಿದುದು ಮಾತ್ರ ೧೯೯೬ರ ಸುಮಾರಿಗೆ. ಆಟ ನಿಜವಾಗಿ ಒಳ್ಳೆಯದಾಗಿದ್ದರೆ ಆಡಿದವರ ಮಾತೇ ಅದನ್ನು ದೂರ ಒಯ್ಯುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

೨. ಹೆಸರನ್ನು ನಂಬಿ ಕೊಂಡ ಕಥೆ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ೧೯೮೨ರಲ್ಲಿ ಇ.ಟಿ. ಎಂಬ ಚಲನಚಿತ್ರ ಅಮೆರಿಕದಲ್ಲಿ ಜಯಭೇರಿ ಹೊಡೆದಾಗ, ಅದರ ಹೆಸರಿನಲ್ಲಿ ಕ್ರಿಸ್‌ಮಸ್ಸಿನ ಹೊತ್ತಿಗೆ ಒಂದು ಆಟವನ್ನು ಮಾರಬೇಕೆಂದು ಅಟಾರಿ ಸಂಸ್ಥೆ ನಿಶ್ಚಯಿಸಿತು. ರಚಿಸುವ ಹೊವರ್ಡ್ ಸ್ಕಾಟ್ ವಾರ್ಷಾನಿಗೆ ದೊರೆತ ಕಾಲ ಐದು ವಾರ ಮಾತ್ರ. ಸಿನಿಮಾದ ಹೆಸರು ನೋಡಿ ಜನ ಕೊಂಡರು, ಆಡಿದವರು ನಿರಾಶರಾದರು. ಅಂಗಡಿಗಳು ಮಾರಾಟವಾಗದ ಮಾಲನ್ನು ಹಿಂದಕ್ಕೆ ಕಳುಹಿಸಿದವು. ೧೯೮೩ರಲ್ಲಿ ಆ ಸಂಸ್ಥೆ ಉಳಿದ ಮಾಲನ್ನು ನ್ಯೂ ಮೆಕ್ಸಿಕೋದ ಆಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿತು. ೨೦೧೪ರಲ್ಲಿ ಅಲ್ಲಿ ಅಗೆದಾಗ ಇ.ಟಿ. ಆಟದ ಜೊತೆಗೆ ಬೇರೆ ಆಟಗಳ ಡಬ್ಬಿಗಳೂ ಸಿಕ್ಕಿದವು.

ಅಮೆರಿಕದ ಇಡೀ ಆಟದ ವ್ಯಾಪಾರವೇ ೧೯೮೩ರಲ್ಲಿ ಕುಸಿಯಿತು. ಕಾರಣ ಈ ಒಂದು ಆಟವಲ್ಲ. ಅವಸರದಲ್ಲಿ ಮಾಡಿದ ಅನೇಕ ಕಳಪೆ ಆಟಗಳು ಅಂಗಡಿಗಳನ್ನು ತುಂಬಿದ್ದವು, ಕೊಳ್ಳುವವನಿಗೆ ಒಳ್ಳೆಯದಾವುದು ಕೆಟ್ಟುದಾವುದೆಂದು ತಿಳಿಯುತ್ತಿರಲಿಲ್ಲ. ಡಬ್ಬಿಯ ಮೇಲಿನ ಚಿತ್ರಕ್ಕಿಂತ ಆಡಿದವನೊಬ್ಬನ ಪ್ರಾಮಾಣಿಕ ಮಾತು ಎಷ್ಟು ಬೆಲೆಯುಳ್ಳದ್ದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩. ಏನನ್ನು ಹೇಳಬೇಕು?

ಸಾಮಾನ್ಯವಾಗಿ ನಮ್ಮ ಶಿಫಾರಸು ಹೀಗಿರುತ್ತದೆ: "ಮಾರಾಯಾ, ಈ ಆಟ ಭಯಂಕರ ಉಂಟು, ಈಗಲೇ ಹಾಕಿಕೋ!" ಇದರಲ್ಲಿ ಹೇಳುವವನ ಉತ್ಸಾಹವಿದೆಯೇ ಹೊರತು ಕೇಳುವವನಿಗೆ ಬೇಕಾದ ಒಂದು ಸಂಗತಿಯೂ ಇಲ್ಲ. ಕೆಳಗಿನ ಐದು ಅಂಶಗಳನ್ನು ಹೇಳಿದರೆ ಶಿಫಾರಸು ಪೂರ್ಣವಾಗುತ್ತದೆ.

(ಅ) ಆಟದ ಬಗೆ: ಯೋಚಿಸಿ ಆಡುವುದೋ, ಕೈಚಳಕದ್ದೋ, ಕಥೆಯುಳ್ಳದ್ದೋ? ಒಬ್ಬನೇ ಆಡುವುದೋ, ಜೊತೆಗಾರರು ಬೇಕೋ?

(ಆ) ಯಂತ್ರ: ಸಾಧಾರಣ ಮೊಬೈಲಿನಲ್ಲಿ ನಡೆಯುತ್ತದೆಯೇ? ಅಂತರಜಾಲ ಸದಾ ಬೇಕೇ? ಸುರಂಗದೊಳಗೆ ರೈಲು ಹೊಕ್ಕಾಗಲೂ ಆಡಬಹುದೇ?

(ಇ) ವೆಚ್ಚ: ಒಮ್ಮೆ ಕೊಟ್ಟರೆ ಮುಗಿಯಿತೇ, ಅಥವಾ ಮತ್ತೆ ಮತ್ತೆ ಕೇಳುತ್ತದೆಯೇ? "ಉಚಿತ" ಎಂಬ ಆಟಗಳಲ್ಲಿ ಅನೇಕವು ಒಳಗೆ ಹೋದ ಮೇಲೆ ಹಣ ಕೇಳುತ್ತವೆ. ಒಳಗೇನಿದೆಯೆಂದು ತಿಳಿಯದ ಮುಚ್ಚಿದ ಪೆಟ್ಟಿಗೆಯನ್ನು ಹಣಕ್ಕೆ ಮಾರುವ ರೂಢಿಯೂ ಉಂಟು. ೨೦೧೮ರಲ್ಲಿ ಬೆಲ್ಜಿಯಂ ದೇಶದ ಅಧಿಕಾರಿಗಳು ಇದು ಜೂಜೇ ಸರಿ ಎಂದು ನಿರ್ಣಯಿಸಿದರು.

(ಈ) ವೇಳೆ: ಹತ್ತು ನಿಮಿಷಕ್ಕೆ ನಿಲ್ಲಿಸಲು ಆಗುತ್ತದೆಯೇ? ನಸುಕಿನ ಪಾಳಿಗೆ ಏಳಬೇಕಾದವನಿಗೆ ಈ ಪ್ರಶ್ನೆ ಉಳಿದೆಲ್ಲಕ್ಕಿಂತ ದೊಡ್ಡದು.

(ಉ) ಯಾರಿಗೆ: ಮನೆಯ ಮಕ್ಕಳೆದುರು ಆಡತಕ್ಕದ್ದೇ? ಅಮೆರಿಕದಲ್ಲಿ ೧೯೯೪ರಿಂದಲೂ ಯುರೋಪಿನಲ್ಲಿ ೨೦೦೩ರಿಂದಲೂ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಮಂಡಲಿಗಳಿವೆ. ಮೊಬೈಲಿನ ಅಂಗಡಿಯಲ್ಲೂ ಅಂತಹ ಗುರುತು ಕಾಣುತ್ತದೆ. ಅದನ್ನು ನೋಡಿ ಹೇಳಬೇಕು.

ಒಂದು ಮಾದರಿಯನ್ನು ನೋಡೋಣ. ಸ್ಟಾರ್ಡ್ಯೂ ವ್ಯಾಲಿ ಎಂಬ ಆಟ ೨೦೧೬ರಲ್ಲಿ ಹೊರಬಂತು. ಎರಿಕ್ ಬರೋನ್ ಎಂಬ ಅಮೆರಿಕದ ಯುವಕನು ಚಿತ್ರ, ಸಂಗೀತ, ಮಾತು ಎಲ್ಲವನ್ನೂ ತಾನೊಬ್ಬನೇ ನಾಲ್ಕು ವರ್ಷಕ್ಕೂ ಮಿಕ್ಕಿ ದುಡಿದು ರಚಿಸಿದನು. ಇದನ್ನು ಶಿಫಾರಸು ಮಾಡುವವನು ಹೀಗೆ ಹೇಳಬಹುದು:

"ಅಣ್ಣಾ, ಇದು ಬೇಸಾಯದ ಆಟ. ಕಚೇರಿಯ ಮೇಜಿಗೆ ಅಂಟಿಕೊಂಡಿದ್ದ ಒಬ್ಬ ಗುಮಾಸ್ತ ಅಜ್ಜನ ಜಮೀನಿಗೆ ಹಿಂದಿರುಗುವುದರಿಂದ ಆರಂಭ. ಕಲ್ಲು ತೆಗೆದು, ಬಿತ್ತಿ, ನೀರು ಹಾಕಿ, ಊರವರ ಸ್ನೇಹ ಸಂಪಾದಿಸಬೇಕು. ಮೊಬೈಲಿನಲ್ಲೂ ನಡೆಯುತ್ತದೆ. ಒಮ್ಮೆ ಹಣ ಕೊಟ್ಟರೆ ಮತ್ತೆ ಕೇಳುವುದಿಲ್ಲ, ಜಾಹೀರಾತಿಲ್ಲ. ಆಟದ ಒಂದು ದಿನಕ್ಕೆ ನಮ್ಮ ಕಾಲು ಗಂಟೆ ಸಾಕು. ಆದರೆ 'ಇನ್ನೊಂದು ದಿನ' ಎನ್ನುತ್ತ ರಾತ್ರಿ ಕಳೆದೀತು, ಎಚ್ಚರ. ಕನ್ನಡದಲ್ಲಿಲ್ಲ, ಸ್ವಲ್ಪ ಇಂಗ್ಲಿಷ್ ಓದಲು ಬರಬೇಕು. ಹೊಡೆದಾಟವೇ ಬೇಕೆನ್ನುವವರಿಗೆ ಹಿಡಿಸಲಾರದು."

ಈ ಮಾತುಗಳಲ್ಲಿ ಹೊಗಳಿಕೆ ಕಡಮೆ, ಮಾಹಿತಿ ಹೆಚ್ಚು. ಯಾರಿಗೆ ಹಿಡಿಸದು ಎಂಬುದನ್ನೂ ಹೇಳಿರುವುದರಿಂದ ಕೇಳುವವನು ತನ್ನ ನಿರ್ಣಯವನ್ನು ತಾನೇ ಮಾಡಬಲ್ಲನು.

೪. ಏನನ್ನು ಹೇಳಬಾರದು?

ಕಥೆಯ ಗುಟ್ಟನ್ನು ಹೇಳಬಾರದು. ಯಕ್ಷಗಾನದ ಪ್ರಸಂಗದಲ್ಲಿ ಕಥೆ ಎಲ್ಲರಿಗೂ ಗೊತ್ತು, ರುಚಿ ಇರುವುದು ಅರ್ಥಗಾರಿಕೆಯಲ್ಲಿ. ಹೊಸ ಆಟದಲ್ಲಿ ಹಾಗಲ್ಲ. ಬೀಗದ ಕೈ ಎಲ್ಲಿದೆಯೆಂದು ಹೇಳಿಬಿಟ್ಟರೆ ಹುಡುಕುವ ಸುಖವೇ ಹೋಗುತ್ತದೆ.

ಈ ವಿಷಯದಲ್ಲಿ ವರ್ಡಲ್ ಎಂಬ ಪದದಾಟ ಒಳ್ಳೆಯ ದಾರಿ ತೋರಿಸಿತು. ಐದಕ್ಷರದ ಇಂಗ್ಲಿಷ್ ಪದವನ್ನು ಆರು ಯತ್ನಗಳಲ್ಲಿ ಊಹಿಸಬೇಕು. ದಿನಕ್ಕೆ ಒಂದೇ ಪದ, ಎಲ್ಲರಿಗೂ ಅದೇ ಪದ. ಜೋಶ್ ವಾರ್ಡಲ್ ತನ್ನ ಸಂಗಾತಿಗಾಗಿ ಮಾಡಿದ ಈ ಆಟವನ್ನು ೨೦೨೧ರಲ್ಲಿ ಎಲ್ಲರಿಗೂ ತೆರೆದನು. ಆ ನವೆಂಬರಿನ ಮೊದಲ ದಿನ ಆಡಿದವರು ೯೦ ಮಂದಿ. ಎರಡು ತಿಂಗಳಲ್ಲಿ ಅದು ೩ ಲಕ್ಷವನ್ನು ಮೀರಿತು. ಆಡಿದವರು ತಮ್ಮ ಯತ್ನಗಳನ್ನು ಹಸಿರು, ಹಳದಿ ಚೌಕಗಳ ಸಾಲಾಗಿ ಗೆಳೆಯರಿಗೆ ಕಳುಹಿಸುತ್ತಿದ್ದರು. ನ್ಯೂಜಿಲೆಂಡಿನ ಆಟಗಾರರಲ್ಲಿ ಹುಟ್ಟಿದ ಈ ಪದ್ಧತಿಯನ್ನು ವಾರ್ಡಲ್ ಆಟಕ್ಕೇ ಸೇರಿಸಿದನು. ಆ ಚೌಕಗಳಲ್ಲಿ ಎಷ್ಟು ಕಷ್ಟಪಟ್ಟರೆಂಬುದು ಕಾಣುತ್ತದೆ. ಉತ್ತರ ಮಾತ್ರ ಕಾಣುವುದಿಲ್ಲ. ಮುಂದೆ ೨೦೨೨ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆಟವನ್ನು ಕೊಂಡುಕೊಂಡಿತು.

೫. ಭಿನ್ನಾಭಿಪ್ರಾಯವನ್ನು ಕೇಳುವುದು

ಒಬ್ಬನ ಮಾತಿಗಿಂತ ನಾಲ್ವರ ಮಾತು ಲೇಸು. ಜಪಾನಿನಲ್ಲಿ ೧೯೮೬ರಲ್ಲಿ ಆರಂಭವಾದ ಫಾಮಿತ್ಸು ಪತ್ರಿಕೆ ಇದೇ ಕ್ರಮವನ್ನು ಅನುಸರಿಸುತ್ತದೆ. ಒಂದು ಆಟಕ್ಕೆ ನಾಲ್ವರು ವಿಮರ್ಶಕರು ಪ್ರತ್ಯೇಕವಾಗಿ ಹತ್ತರಲ್ಲಿ ಅಂಕ ಕೊಡುತ್ತಾರೆ. ನಾಲ್ವರದನ್ನೂ ಕೂಡಿಸಿ ನಲವತ್ತರಲ್ಲಿ ಇಷ್ಟೆಂದು ಅಚ್ಚು ಮಾಡುತ್ತಾರೆ. ಒಬ್ಬನು ಒಂಬತ್ತು ಕೊಟ್ಟು ಇನ್ನೊಬ್ಬನು ಆರು ಕೊಟ್ಟಿದ್ದರೆ ಓದುಗನು ಇಬ್ಬರ ಕಾರಣಗಳನ್ನೂ ನೋಡುತ್ತಾನೆ.

ಗಣಕದ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂತರಜಾಲದ ಅಂಗಡಿಯಲ್ಲಿ ಆಡಿದವರು ಈ ಆಟವನ್ನು ಶಿಫಾರಸು ಮಾಡುವಿರೋ ಇಲ್ಲವೋ ಎಂದು ಸ್ಪಷ್ಟವಾಗಿ ಹೇಳಬೇಕು. ಅವರು ಎಷ್ಟು ಗಂಟೆ ಆಡಿದ್ದಾರೆಂಬುದೂ ಪಕ್ಕದಲ್ಲಿ ಕಾಣುತ್ತದೆ. ಅರ್ಧ ಗಂಟೆ ಆಡಿ ಬೈದವನ ಮಾತಿಗೂ ನೂರು ಗಂಟೆ ಆಡಿ ಬೈದವನ ಮಾತಿಗೂ ತೂಕ ಬೇರೆ. ಕೊಂಡು ೧೪ ದಿನದೊಳಗೆ, ೨ ಗಂಟೆಗಿಂತ ಕಡಮೆ ಆಡಿದ್ದರೆ ಹಣವನ್ನು ಹಿಂದಕ್ಕೆ ಕೇಳುವ ಅವಕಾಶವನ್ನೂ ಆ ಅಂಗಡಿ ೨೦೧೫ರಿಂದ ಕೊಟ್ಟಿದೆ. ಮಿತ ಆದಾಯದವರು ಇದನ್ನು ತಿಳಿದಿರುವುದು ಲೇಸು.

ನಾವು ಮೆಚ್ಚಿದ ಆಟವನ್ನು ಗೆಳೆಯನು ಮೆಚ್ಚದಿದ್ದರೆ ಮುನಿಯಬೇಕಾದುದಿಲ್ಲ. ಯಾವ ಕಾರಣಕ್ಕೆ ಹಿಡಿಸಲಿಲ್ಲವೆಂದು ಕೇಳಿದರೆ ಅವನ ಅಭಿರುಚಿ ತಿಳಿಯುತ್ತದೆ. ಮುಂದಿನ ಶಿಫಾರಸು ಹೆಚ್ಚು ಸರಿಯಾಗುತ್ತದೆ.

೬. ಶಿಫಾರಸಲ್ಲದ ಶಿಫಾರಸು

ಇನ್ನು ಎಲ್ಲಕ್ಕಿಂತ ಗಂಭೀರವಾದ ವಿಷಯ. ಹಣ ಕಟ್ಟಿ ಹಣ ಗೆಲ್ಲುವ ರಮ್ಮಿ, ಪೋಕರ್ ಮುಂತಾದವುಗಳೂ ಆಟವೆಂಬ ಹೆಸರಿನಲ್ಲೇ ಮೊಬೈಲಿಗೆ ಬಂದವು. ಹೊಸಬನನ್ನು ಸೇರಿಸಿದವನಿಗೆ ಇಂತಿಷ್ಟು ರೂಪಾಯಿ ಎಂಬ ಆಮಿಷವೂ ಅವುಗಳ ಜೊತೆಗಿತ್ತು. ಇಂತಹ ಲಾಭವಿಟ್ಟುಕೊಂಡು "ಆಡಿ ನೋಡು" ಎನ್ನುವವನು ಗೆಳೆಯನ ಮಾತನ್ನಾಡುತ್ತಿಲ್ಲ, ದಲಾಲಿಯ ಮಾತನ್ನಾಡುತ್ತಿದ್ದಾನೆ. ಒಂದೇ ಖೋಲಿಯಲ್ಲಿ ಒಬ್ಬನ ತಿಂಗಳ ಸಂಬಳ ಹೋದರೆ ಉಳಿದವರ ಬಾಡಿಗೆಯ ಲೆಕ್ಕವೂ ತಪ್ಪುತ್ತದೆ, ಊರಿನಲ್ಲಿ ಕಾದಿರುವ ತಾಯಿಯ ಲೆಕ್ಕವೂ ತಪ್ಪುತ್ತದೆ.

೨೦೨೫ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಈ ಕುರಿತು ಒಂದು ಕಾಯಿದೆಯನ್ನು ಅಂಗೀಕರಿಸಿತು. ೨೨ನೆಯ ತಾರೀಖು ರಾಷ್ಟ್ರಪತಿಗಳ ಅಂಕಿತವಾಯಿತು. ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ಒದಗಿಸುವುದನ್ನೂ, ಅದರ ಜಾಹೀರಾತನ್ನೂ, ಅದಕ್ಕಾಗಿ ಬ್ಯಾಂಕುಗಳು ಹಣ ಸಾಗಿಸುವುದನ್ನೂ ಅದು ನಿಷೇಧಿಸುತ್ತದೆ. ಪಣವಿಲ್ಲದ ವಿನೋದದ ಆಟಗಳಿಗೂ ಸ್ಪರ್ಧೆಯ ಇ-ಸ್ಪೋರ್ಟ್ಸ್‌ಗೂ ಅದು ಮಾನ್ಯತೆ ಕೊಟ್ಟಿದೆ. ಆದ್ದರಿಂದ ಯಾರಾದರೂ ಪಣದ ಆಟವನ್ನು ಸೂಚಿಸಿದರೆ ಧಾರಾಳವಾಗಿ "ಬೇಡ" ಎನ್ನಬೇಕು. ಅದರಲ್ಲಿ ಸ್ನೇಹಕ್ಕೆ ಕೊರತೆಯೇನೂ ಇಲ್ಲ.

ಪಣವಿಲ್ಲದ ಆಟವೂ ಅತಿಯಾದರೆ ಕೆಡುಕೇ. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಒಪ್ಪಿದ, ೨೦೨೨ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ತಡೆಯಲಾಗದಿರುವುದು, ಉಳಿದ ಕೆಲಸಗಳಿಗಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಮುಂದುವರಿಸುವುದು ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷ ಕಾಲ ಇವು ಕಂಡುಬಂದರೆ ವೈದ್ಯರು ಅದನ್ನು ರೋಗವೆಂದು ಎಣಿಸುತ್ತಾರೆ. ಜೊತೆಗಾರನಲ್ಲಿ ಇವು ಕಂಡರೆ ಹೊಸ ಆಟವನ್ನು ಸೂಚಿಸುವುದು ಸಲ್ಲದು. ವೈದ್ಯರ ದಾರಿ ತೋರಿಸಬೇಕು.

೭. ಆರಂಭಕ್ಕೆ ಎರಡು ಸೂಚನೆಗಳು

ಹಣವಿಲ್ಲದೆ ಆರಂಭಿಸುವವರಿಗೆ ಲಿಚೆಸ್ ಉತ್ತಮ. ಇದು ೨೦೧೦ರಲ್ಲಿ ಫ್ರಾನ್ಸಿನ ಥಿಬೋ ದುಪ್ಲೆಸಿಸ್ ಆರಂಭಿಸಿದ ಚದುರಂಗದ ತಾಣ. ದಾನದಿಂದ ನಡೆಯುತ್ತದೆ, ಶುಲ್ಕವಿಲ್ಲ, ಜಾಹೀರಾತಿಲ್ಲ. ಐದು ನಿಮಿಷದ ಆಟವೂ ಉಂಟು, ನಿಧಾನದ್ದೂ ಉಂಟು. ಆದರೆ ಬೇರೆಯವರೊಡನೆ ಆಡಲು ಅಂತರಜಾಲ ಬೇಕು.

ಕಥೆಯ ಆಟ ಬೇಕೆನ್ನುವವರಿಗೆ ರಾಜಿ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ತಂಡ ೨೦೨೦ರಲ್ಲಿ ಹೊರತಂದ ಈ ಆಟದಲ್ಲಿ ಒಬ್ಬ ಹುಡುಗಿ ಅಸುರರು ಒಯ್ದ ತಮ್ಮನನ್ನು ಹುಡುಕುತ್ತ ಹೊರಡುತ್ತಾಳೆ. ನಮ್ಮ ಪುರಾಣಗಳ ವಾತಾವರಣ, ನಮ್ಮ ಶಿಲ್ಪಗಳ ಸೊಗಸು ಅದರಲ್ಲಿವೆ. ಹಣ ಕೊಟ್ಟು ಕೊಳ್ಳಬೇಕು, ಹೊಡೆದಾಟವಿದೆ, ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ.

ವಾಚನಾಲಯದ ಮೇಜಿನ ಮೇಲೆ ಒಂದು ನೋಟುಪುಸ್ತಕವನ್ನಿಟ್ಟು, ಮೇಲಿನ ಐದು ಅಂಶಗಳನ್ನು ಅನುಸರಿಸಿ ಸದಸ್ಯರು ತಾವಾಡಿದ ಆಟವನ್ನು ಹತ್ತು ಸಾಲುಗಳಲ್ಲಿ ಕನ್ನಡದಲ್ಲಿ ಬರೆದಿಡಬಹುದು. ಕೆಳಗೆ ಇನ್ನೊಬ್ಬರು ತಮ್ಮ ಅಭಿಪ್ರಾಯವನ್ನು ಸೇರಿಸಲಿ. ಬರವಣಿಗೆಯ ಅಭ್ಯಾಸವೂ ಆಗುತ್ತದೆ, ಹೊಸದಾಗಿ ಊರಿನಿಂದ ಬಂದ ತರುಣನಿಗೆ ಮಾತನಾಡಲು ಒಂದು ವಿಷಯವೂ ಸಿಗುತ್ತದೆ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಟೆಟ್ರಿಸ್ ಮಾಸ್ಕೋದಲ್ಲಿ ಹರಡಿದ ರೀತಿಗೂ ಇ.ಟಿ. ಆಟ ಮಾರಾಟವಾದ ರೀತಿಗೂ ಇರುವ ವ್ಯತ್ಯಾಸವೇನು?

೨. ನೀವು ಇತ್ತೀಚೆಗೆ ಆಡಿದ ಒಂದು ಆಟವನ್ನು ಐದು ಅಂಶಗಳಂತೆ ಬರೆಯಿರಿ. ಅದು ಯಾರಿಗೆ ಹಿಡಿಸದು ಎಂಬುದನ್ನೂ ತಿಳಿಸಿರಿ.

೩. ನಿಮ್ಮ ಊರಿನ ಚೆನ್ನೆಮಣೆ ಅಥವಾ ಚೌಕಾಬಾರವನ್ನು ಎಂದೂ ಕಾಣದವನಿಗೆ ಅದೇ ಕ್ರಮದಲ್ಲಿ ಶಿಫಾರಸು ಮಾಡಿರಿ.

೪. ಜೊತೆಗಾರನೊಬ್ಬನು ಪಣದ ಆಟಕ್ಕೆ ಕರೆದರೆ ಏನೆಂದು ಉತ್ತರಿಸುವಿರಿ? ಇಬ್ಬರು ಕೂಡಿ ಸಂಭಾಷಣೆಯ ರೂಪದಲ್ಲಿ ಬರೆಯಿರಿ.