ಸಂಸ್ಕಾರ: ಮನಸ್ಸಿನ ಮಾತನ್ನು ಕ್ಯಾಮೆರಾ ಹಿಡಿಯೋದು ಹೇಗೆ?

ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯ ನಾರಣಪ್ಪ ಜ್ವರ ಹತ್ತಿಸಿಕೊಂಡು ಬರುವುದು ನಮ್ಮ ಶಿವಮೊಗ್ಗದಿಂದಲೇ. ಭದ್ರಾವತಿಯಿಂದ ದಿನಾ ಇಲ್ಲಿಗೆ ಬರುವ ಗೆಳೆಯರು ಹೆದರಬೇಡಿ, ಅದು ಪ್ಲೇಗಿನ ಕಾಲ!

1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಇದನ್ನು ಸಿನಿಮಾ ಮಾಡಿದರು. ಸತ್ತ ಇಲಿ, ಮನೆ ಮೇಲೆ ಕೂತ ಹದ್ದು, ಇವನ್ನು ತೋರಿಸೋದು ಸುಲಭ. ಆದರೆ ಪ್ರಾಣೇಶಾಚಾರ್ಯರು ಪುಟಗಟ್ಟಲೆ ತಮ್ಮೊಳಗೇ ವಾದಿಸುತ್ತಾರಲ್ಲ, ಅದನ್ನೇನು ಮಾಡೋದು? ಚಿತ್ರಕಥೆ ಬರೆದ ಗಿರೀಶ ಕಾರ್ನಾಡರೇ ಆಚಾರ್ಯರಾಗಿ ನಟಿಸಿದ್ದಾರೆ. ಆ ವಾದ ಅವರ ಮುಖಕ್ಕೆ, ನಡಿಗೆಗೆ, ಮೌನಕ್ಕೆ ಇಳಿದಿದೆ. ಪುಸ್ತಕದಲ್ಲಿ ಆಚಾರ್ಯರ ಜೊತೆ ನಾವೂ ಯೋಚಿಸುತ್ತೇವೆ. ಪರದೆಯಲ್ಲಿ ಅವರನ್ನು ಹೊರಗಿನಿಂದ ನೋಡುತ್ತೇವೆ. ನಷ್ಟವೇ? ಸ್ವಲ್ಪ ಹೌದು. ಆದರೆ ಹೆಣ ಮನೆಯಲ್ಲಿರುವಾಗ ಊಟವಿಲ್ಲದೆ ಕೂತ ಅಗ್ರಹಾರ ಮಾತ್ರ ನಮ್ಮನ್ನು ಸಿನಿಮಾದಲ್ಲೇ ಹೆಚ್ಚು ಕಾಡಿತು. ನಾರಣಪ್ಪನಾಗಿ ನಟಿಸಿದ ಲಂಕೇಶ್ ಕೂಡ ನಮ್ಮ ಜಿಲ್ಲೆಯವರೇ.

ನಾವು ಓದಿ ಆಮೇಲೆ ನೋಡಿದೆವು. ನೀವು ಬೇಕಾದ್ರೆ ಉಲ್ಟಾ ಮಾಡಿ.