ಗೋಡೆಗೆ ಕಾಗದದ ಮಲ್ಲಿಗೆ

ಕೊಟ್ಟೂರಿನ ತಂಗಿಗೆ,

ಗೋಡೆಗೆ ತೂಗುಹಾಕಲು ಹಳೇ ಪೇಪರಿನ ರುಬ್ಬಿನಲ್ಲಿ ಮಾಡಿದ ತಟ್ಟೆ ಬಿಲ್ಲಿನಂತೆ ಬಾಗಿತು, ಹಿಂದೆ ಬೂಸ್ಟು ಬಂತು ಎಂದು ಬರೆದಿದ್ದೀರಿ. ಬೇಸರ ಬೇಡ. ತಪ್ಪು ಕೈಯದಲ್ಲ, ಒಣಗಿಸಿದ್ದರದು. ನಮ್ಮ ಸೀಮೆಯ ಬಿಸಿಲಿಗೆ ಮೇಲ್ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ತೇವ ಉಳಿಯುತ್ತದೆ. ಮೊದಲೆರಡು ದಿನ ನೆರಳಲ್ಲಿಡಿ, ಆಗಾಗ ಮಗುಚಿ, ಆಮೇಲೆ ಬಿಸಿಲಿಗೆ ಹಾಕಿ. ದಪ್ಪವನ್ನು ಒಂದೇ ಸಲ ಮೆತ್ತದೆ ತೆಳುಪದರಗಳಲ್ಲಿ ಏರಿಸಿ.

ಮೈದಾ ಅಂಟು ಬಿಡಿ, ಹುಳ ಕರೆಯುತ್ತದೆ. ಹಳ್ಳಿಗಳಲ್ಲಿ ನೆನೆಸಿದ ಕಾಗದಕ್ಕೆ ಮೆಂತ್ಯ ಸೇರಿಸಿ ರುಬ್ಬಿ ಪುಟ್ಟಿ ಮಾಡುತ್ತಿದ್ದ ಅಜ್ಜಿಯರನ್ನು ಕೇಳಿ. ಅವರಿಗಿಂತ ದೊಡ್ಡ ಗುರುಗಳಿಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಹುಣಸೆ ಬೀಜದ ಅಂಟನ್ನೇ ನಂಬಿದವರು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ನೀರಲ್ಲಿ ಕುದಿಸಿದರೆ ಆಯಿತು. ರುಬ್ಬಿಗೆ ಬಸ್ ಟಿಕೆಟ್, ಎಟಿಎಂ ಚೀಟಿ ಮಾತ್ರ ಹಾಕಬೇಡಿ, ಅವಕ್ಕೆ ರಾಸಾಯನಿಕ ಲೇಪನವಿರುತ್ತದೆ.

ತಟ್ಟೆಯ ಮೇಲೆ ಚಿತ್ರ ಯಾವುದೆಂದು ಕೇಳಿದ್ದೀರಿ. ಮೊಬೈಲಿನಲ್ಲಿ ಸಿಗುವ ನವಿಲನ್ನೇ ನಕಲು ಮಾಡುವುದೇಕೆ? ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹೋಗಿ, ಕಲ್ಲೇಶ್ವರ ಗುಡಿಯ ಕಂಬಗಳ ಮುಂದೆ ನೋಟ್‌ಬುಕ್ ಹಿಡಿದು ಕೂತುಬಿಡಿ. ಇಲ್ಲವೇ ಹಡಗಲಿಯ ಮಲ್ಲಿಗೆ: ಮೊಗ್ಗುಗಳನ್ನು ಒಂದೊಂದಾಗಿ ಉರುಟಿ ಅಂಟಿಸುವುದು ಕಲಿಯುವವರಿಗೂ ಸುಲಭ. ತೂಗುಹಾಕುವ ದಾರವನ್ನು ರುಬ್ಬು ಹಸಿಯಿದ್ದಾಗಲೇ ಹಿಂಬದಿಗೆ ಹುದುಗಿಸಿ. ತೇವ ಏರುವ ಗೋಡೆಗೆ ಮಾತ್ರ ನೇತುಹಾಕಬೇಡಿ.