ಬಿದ್ದ ಲ್ಯಾಪ್‌ಟಾಪ್‌ನ ಪರದೆ: ದೋಷ ಪತ್ತೆ ಹಚ್ಚುವ ಒಂದು ಪಾಠ

ವಿದ್ಯುಚ್ಛಕ್ತಿಯ ಪಾಠ ಮುಗಿಯುವ ಹೊತ್ತಿಗೆ ಮಕ್ಕಳಿಗೆ ಬಲ್ಬು, ಕೋಶ, ಸ್ವಿಚ್ಚು ಸೇರಿಸಿ ಮಂಡಲದ ಚಿತ್ರ ಬರೆಯಲು ಬರುತ್ತದೆ. ಆದರೆ ಮನೆಯಲ್ಲಿ ಟಾರ್ಚ್ ಹತ್ತದಿದ್ದರೆ ‘ಕೆಟ್ಟುಹೋಗಿದೆ’ ಎಂದು ಬದಿಗಿಡುತ್ತಾರೆ. ಕೆಟ್ಟಿರುವುದು ಬಲ್ಬೇ, ಸೆಲ್ಲೇ, ಸ್ವಿಚ್ಚೇ ಎಂದು ಒಂದೊಂದಾಗಿ ನೋಡುವ ಅಭ್ಯಾಸ ಕಡಿಮೆ. ಲಕ್ಷಣದಿಂದ ಕಾರಣಕ್ಕೆ ಹೋಗುವ ಈ ದಾರಿಯನ್ನು ಕಲಿಸಲು ಹತ್ತನೆಯ ತರಗತಿಗೆ ಎರಡು ಅವಧಿಗಳ ಪಾಠ ಯೋಜಿಸಿದೆ. ಪಾಠೋಪಕರಣ, ಕೆಳಗೆ ಬಿದ್ದು ಪರದೆ ಕೆಟ್ಟಿದ್ದ ಶಾಲೆಯದೇ ಲ್ಯಾಪ್‌ಟಾಪ್.

ಸಂದರ್ಭ

ನಾನು ಬೋಧನಾಭ್ಯಾಸ ಮಾಡಿದ ಪ್ರೌಢಶಾಲೆಯಲ್ಲಿ ಪಾಠಕ್ಕೆ ಸಿಗುತ್ತಿದ್ದದ್ದು ಅದೊಂದೇ ಲ್ಯಾಪ್‌ಟಾಪ್. ಚಾರ್ಜರ್ ವೈರು ಒಬ್ಬ ಹುಡುಗನ ಕಾಲಿಗೆ ಸಿಕ್ಕಿ ಅದು ಮೇಜಿನಿಂದ ಬಿತ್ತು. ಆನ್ ಮಾಡಿದರೆ ಪರದೆ ಕಪ್ಪು. ರಿಪೇರಿ ಅಂಗಡಿಯವರು ಫೋನಿನಲ್ಲೇ, ‘ಪೂರ್ತಿ ಸ್ಕ್ರೀನ್ ಬದಲಿಸಬೇಕು, ಐದು ಸಾವಿರದಷ್ಟಾಗುತ್ತದೆ’ ಎಂದರು. ಹುಡುಗ ಮರುದಿನದಿಂದ ಹಿಂದಿನ ಬೆಂಚಿಗೆ ಹೋದ, ಯಾರೊಡನೆಯೂ ಮಾತಿಲ್ಲ. ‘ಮನೆಯಲ್ಲಿ ಹೇಗೆ ಕೇಳಲಿ ಸರ್’ ಎಂದು ಒಮ್ಮೆ ನನ್ನ ಬಳಿ ಹೇಳಿದ.

ಪಾಠ ಆರಂಭಿಸುವಾಗ ಒಂದು ಮಾತು ಸ್ಪಷ್ಟಪಡಿಸಿದೆ: ಯಾರಿಂದ ಬಿತ್ತು ಎಂಬುದು ಇಂದಿನ ಪ್ರಶ್ನೆಯಲ್ಲ, ಬಿದ್ದದ್ದರಿಂದ ಯಾವ ಭಾಗಕ್ಕೆ ಏನಾಗಿದೆ ಎಂಬುದೇ ಪ್ರಶ್ನೆ. ಮುಖ್ಯೋಪಾಧ್ಯಾಯರು ಒಂದು ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದರು. ಮಕ್ಕಳು ಲ್ಯಾಪ್‌ಟಾಪ್ ಬಿಚ್ಚುವಂತಿಲ್ಲ, ಹೊರಗಿನಿಂದ ಪರೀಕ್ಷಿಸಬಹುದು.

ಪೂರ್ವಜ್ಞಾನ ಮತ್ತು ಪರಿಚಯ

ಕಪ್ಪುಹಲಗೆಯ ಮೇಲೆ ಚಿತ್ರ ಸಾಗುವ ದಾರಿಯನ್ನು ಬರೆದೆ. ಮದರ್‌ಬೋರ್ಡ್ ಚಿತ್ರದ ಸಂಕೇತಗಳನ್ನು ಕಳುಹಿಸುತ್ತದೆ. ತೆಳುವಾದ ಕೇಬಲ್ ಒಂದು ಮುಚ್ಚಳದ ಕೀಲಿನ ಬಳಿ ಹಾದು ಅವನ್ನು ಪರದೆಯ ಪ್ಯಾನೆಲ್‌ಗೆ ತಲುಪಿಸುತ್ತದೆ. ಪ್ಯಾನೆಲ್ಲಿನ ದ್ರವ ಸ್ಫಟಿಕ ತಾನಾಗಿ ಬೆಳಗುವುದಿಲ್ಲ. ಹಿಂದಿರುವ ಎಲ್‌ಇಡಿ ಬೆಳಕನ್ನು ಅದು ಕಿಟಕಿಯ ಬಾಗಿಲಿನ ಹಾಗೆ ಬಿಡುತ್ತದೆ ಅಥವಾ ತಡೆಯುತ್ತದೆ. ಈ ಹಿಂಬೆಳಕಿಗೆ ಬೇಕಾದ ವಿದ್ಯುತ್ ಕೂಡ ಅದೇ ಕೇಬಲ್ಲಿನಲ್ಲಿ ಬರುತ್ತದೆ.

ನಮ್ಮ ಪರದೆ 1366×768 ಬಿಂದುಗಳದ್ದು. ಒಟ್ಟು ಎಷ್ಟು ಬಿಂದುಗಳು ಎಂದು ಮಕ್ಕಳೇ ಗುಣಿಸಿ 10,49,088 ಎಂದರು. ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಭಾಗ, ಅಂದರೆ 31 ಲಕ್ಷಕ್ಕೂ ಹೆಚ್ಚು ಕಿಟಕಿಗಳು.

ಬಳಿಕ ನಾಲ್ಕು ಸಂಶಯಗಳನ್ನು ಪಟ್ಟಿ ಮಾಡಿದೆವು: ಮದರ್‌ಬೋರ್ಡ್, ಕೇಬಲ್, ಪ್ಯಾನೆಲ್, ಹಿಂಬೆಳಕು. ಒಂದು ನಿಯಮವನ್ನೂ ಮಾಡಿಕೊಂಡೆವು. ಪರೀಕ್ಷೆಗೆ ಮೊದಲೇ ‘ದೋಷ ಇಲ್ಲಿದ್ದರೆ ಏನು ಕಾಣಬೇಕು’ ಎಂದು ಪುಸ್ತಕದಲ್ಲಿ ಬರೆಯಬೇಕು, ಆಮೇಲಷ್ಟೇ ಪರೀಕ್ಷೆ.

ಪರೀಕ್ಷೆಗಳು

1. ಯಂತ್ರ ನಡೆಯುತ್ತಿದೆಯೇ? ಕ್ಯಾಪ್ಸ್ ಲಾಕ್ ಕೀಲಿ ಒತ್ತಿದಾಗ ಅದರ ಪುಟ್ಟ ದೀಪ ಹತ್ತಿ ಆರಿತು, ಫ್ಯಾನಿನ ಸದ್ದೂ ಕೇಳಿತು. ಪರದೆ ಕಪ್ಪಾದರೂ ಕಂಪ್ಯೂಟರ್ ಕೆಲಸ ಮಾಡುತ್ತಿದೆ.

2. ಬೇರೆ ಪರದೆಯಲ್ಲಿ ಚಿತ್ರ ಬರುತ್ತದೆಯೇ? ಎಚ್‌ಡಿಎಂಐ ಕೇಬಲ್ಲಿನಿಂದ ಪ್ರೊಜೆಕ್ಟರ್ ಜೋಡಿಸಿದಾಗ ಗೋಡೆಯ ಮೇಲೆ ಚಿತ್ರ ಸ್ವಚ್ಛವಾಗಿ ಬಂತು. ಚಿತ್ರ ತಯಾರಾಗುತ್ತಿದೆ ಎಂದಾಯಿತು. ಮದರ್‌ಬೋರ್ಡಿನ ಮೇಲಿನ ಸಂಶಯ ಬಹುಮಟ್ಟಿಗೆ ಹೋಯಿತು.

3. ಟಾರ್ಚ್ ಪರೀಕ್ಷೆ. ಹಿಂಬೆಳಕು ಮಾತ್ರ ಕೆಟ್ಟಿದ್ದರೆ, ಕತ್ತಲೆ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದಾಗ ಚಿತ್ರ ಮಸುಕಾಗಿಯಾದರೂ ಕಾಣಬೇಕು. ನಮಗೆ ಏನೂ ಕಾಣಲಿಲ್ಲ. ಆಗ ಒಬ್ಬ ವಿದ್ಯಾರ್ಥಿನಿ, ‘ಬೆಳಕೂ ಇಲ್ಲ, ಚಿತ್ರವೂ ಇಲ್ಲ. ಎರಡೂ ಒಟ್ಟಿಗೆ ಹೋಗಿದ್ದರೆ ಎರಡೂ ಬರುವ ದಾರಿಯೇ ಕೆಟ್ಟಿರಬೇಕಲ್ಲ ಸರ್’ ಎಂದಳು. ಇಡೀ ಪಾಠದ ತಿರುಳು ಆ ಒಂದು ಮಾತಿನಲ್ಲಿತ್ತು.

4. ಮುಚ್ಚಳದ ಕೋನ. ಕೇಬಲ್ ಸಡಿಲವಾಗಿದ್ದರೆ ಮುಚ್ಚಳ ಬಾಗಿಸಿದಂತೆ ಚಿತ್ರ ಬದಲಾಗಬೇಕು. ಕೋನಮಾಪಕ ಹಿಡಿಯುವ ಕೆಲಸವನ್ನು ಹಿಂದಿನ ಬೆಂಚಿನ ಆ ಹುಡುಗನಿಗೇ ಕೊಟ್ಟೆ. ಸುಮಾರು 70 ಡಿಗ್ರಿಯಲ್ಲಿ ಚಿತ್ರ ಬಂತು, ಆದರೆ ಉದ್ದುದ್ದ ಗೆರೆಗಳಿದ್ದವು. 100 ಡಿಗ್ರಿ ದಾಟುತ್ತಲೇ ಪೂರ್ತಿ ಕಪ್ಪಾಯಿತು. ಒಮ್ಮೆ ಕಂಡದ್ದನ್ನು ನಂಬಬಾರದೆಂದು ನಾಲ್ವರು ಬೇರೆ ಬೇರೆಯಾಗಿ ಮಾಡಿದರು. ನಾಲ್ಕು ಸಲವೂ ಹೆಚ್ಚುಕಡಿಮೆ ಅದೇ ಕೋನ.

5. ಗಾಜು ಒಡೆದಿದೆಯೇ? ಆಫ್ ಮಾಡಿ, ಓರೆ ಬೆಳಕಿನಲ್ಲಿ ನೋಡಿದೆವು. ಬಿರುಕು ಕಾಣಲಿಲ್ಲ. ಗಾಜು ಒಡೆದಿದ್ದರೆ ಜೇಡರಬಲೆಯಂಥ ಗೆರೆಗಳು, ಮಸಿ ಚೆಲ್ಲಿದಂಥ ಕಲೆಗಳು ಕಾಣುತ್ತಿದ್ದವು. ಆಗ ಅಂಗಡಿಯವರ ಮಾತೇ ಸರಿ: ಒಡೆದ ಪ್ಯಾನೆಲ್ಲನ್ನು ಅಂಟಿಸಿ ಸರಿಪಡಿಸಲಾಗುವುದಿಲ್ಲ, ಬದಲಿಸಲೇಬೇಕು.

ಕೇಬಲ್ ಅಥವಾ ಅದರ ಜೋಡಣೆಯಲ್ಲಿ ದೋಷವಿದೆ ಎಂದು ತರಗತಿ ತೀರ್ಮಾನಿಸಿತು.

ದುರಸ್ತಿ

ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಶಿಕ್ಷಕರ ಸಮ್ಮುಖದಲ್ಲಿ ಬಿಚ್ಚಿದೆವು. ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿ ಮೊದಲು ಬ್ಯಾಟರಿಯ ಸಂಪರ್ಕ ಕಳಚಿದೆವು. ವಿದ್ಯುತ್ ಇರುವಾಗ ಈ ಕೇಬಲ್ ಎಳೆದರೆ ಅಥವಾ ಸಿಕ್ಕಿಸಿದರೆ ಪಕ್ಕಪಕ್ಕದ ಪಿನ್‌ಗಳು ತಾಗಿ ಶಾರ್ಟ್ ಆಗಬಹುದು. ಬ್ಯಾಟರಿ ಉಬ್ಬಿದೆಯೇ ಎಂದೂ ನೋಡಿದೆವು. ಬಿದ್ದ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಬೇಕು, ಚಾರ್ಜ್ ಮಾಡಬಾರದು.

ಪರದೆಯ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಮೆಲ್ಲಗೆ ಎಬ್ಬಿಸಿ, ಸ್ಕ್ರೂ ತೆಗೆದು, ಪ್ಯಾನೆಲ್ಲನ್ನು ಕೀಲಿಮಣೆಯ ಮೇಲೆ ಹಾಸಿದ ಬಟ್ಟೆಗೆ ಮುಖ ಕೆಳಗಾಗಿ ಒರಗಿಸಿದೆವು. ಹಿಂಬದಿಯಲ್ಲಿ ಕನೆಕ್ಟರಿನ ಮೇಲಿನ ಟೇಪು ಒಂದು ಕಡೆ ಎದ್ದಿತ್ತು, ಕನೆಕ್ಟರ್ ಓರೆಯಾಗಿ ಅರ್ಧ ಹೊರಬಂದಿತ್ತು. ಮುಚ್ಚಳ ತೆರೆದಷ್ಟೂ ಕೇಬಲ್ ಅದನ್ನು ಎಳೆಯುತ್ತಿತ್ತು. ನೇರವಾಗಿ ಕೂರಿಸಿ, ಹೊಸ ಟೇಪು ಅಂಟಿಸಿದೆವು. ಹಣ ಖರ್ಚಾಗಲಿಲ್ಲ.

ಪ್ಯಾನೆಲ್ಲಿನ ಹಿಂದಿನ ಲೇಬಲ್ಲಿನಲ್ಲಿದ್ದ ಮಾದರಿ ಸಂಖ್ಯೆಯನ್ನೂ ಬರೆದಿಟ್ಟುಕೊಂಡೆವು. ಮುಂದೆ ಬದಲಿಸುವ ಸಂದರ್ಭ ಬಂದರೆ ಪರದೆಯ ಅಳತೆ, ಬಿಂದುಗಳ ಸಂಖ್ಯೆ, ಕನೆಕ್ಟರಿನ ಪಿನ್‌ಗಳ ಸಂಖ್ಯೆ ಮತ್ತು ಸ್ಥಾನ, ಸ್ಕ್ರೂ ಹಾಕುವ ಕಿವಿಗಳು ಎಲ್ಲವೂ ಹೊಂದಬೇಕು. ಲ್ಯಾಪ್‌ಟಾಪ್ ಕಂಪನಿಯ ಹೆಸರು ಹೇಳಿ ತಂದರೆ ಸಾಲದು.

ಮರುದಿನ ತರಗತಿಯ ಮುಂದೆ ಮತ್ತೆ ಕೋನಮಾಪಕ ಇಟ್ಟು ಪರೀಕ್ಷಿಸಿದೆವು. ಯಾವ ಕೋನದಲ್ಲೂ ಚಿತ್ರ ಹೋಗಲಿಲ್ಲ, ಗೆರೆಗಳಿಲ್ಲ. ಕೆಳಗಿನ ಮೂಲೆಯಲ್ಲಿ ಬಿಳಿಚಿದ ಒಂದು ಕಲೆ ಮಾತ್ರ ಉಳಿದಿದೆ. ಬಿದ್ದ ಪೆಟ್ಟಿಗೆ ಒಳಪದರಗಳು ಒತ್ತಿಕೊಂಡದ್ದರ ಗುರುತು ಅದು. ಓದಲು ಅಡ್ಡಿಯಿಲ್ಲವಾದ್ದರಿಂದ ಹಾಗೇ ಬಿಟ್ಟೆವು.

ಮೌಲ್ಯಮಾಪನ

ಮೂರು ಪ್ರಶ್ನೆ ಕೊಟ್ಟೆ. ಪ್ರೊಜೆಕ್ಟರಿನಲ್ಲೂ ಅದೇ ಗೆರೆಗಳು ಬಂದಿದ್ದರೆ ಸಂಶಯ ಯಾವುದರ ಮೇಲೆ? ಟಾರ್ಚ್ ಬೆಳಕಿನಲ್ಲಿ ಮಸುಕು ಚಿತ್ರ ಕಂಡಿದ್ದರೆ? ಈ ಲ್ಯಾಪ್‌ಟಾಪ್ ಮತ್ತೆ ಬೀಳದಿರಲು ಏನು ಮಾಡಬೇಕು? ಮೊದಲೆರಡಕ್ಕೆ ಬಹುಪಾಲು ಮಕ್ಕಳು ಕಾರಣಸಹಿತ ಉತ್ತರಿಸಿದರು. ಮೂರನೆಯದಕ್ಕೆ ಆ ಹುಡುಗ ಕೋಣೆಯ ನಕ್ಷೆಯನ್ನೇ ಬರೆದಿದ್ದ: ಪ್ಲಗ್ ಇರುವ ಗೋಡೆಗೆ ಮೇಜು ಸರಿಸಿದರೆ ವೈರು ಓಡಾಡುವ ದಾರಿಗೆ ಅಡ್ಡ ಬರುವುದಿಲ್ಲ. ಮೇಜು ಈಗ ಅಲ್ಲೇ ಇದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಈ ಪಾಠಕ್ಕೆ ಕೆಟ್ಟ ಲ್ಯಾಪ್‌ಟಾಪೇ ಬೇಕೆಂದಿಲ್ಲ. ಮೂರು ಟಾರ್ಚ್‌ಗಳು ಸಾಕು. ಒಂದರಲ್ಲಿ ಖಾಲಿ ಸೆಲ್ಲು, ಒಂದರಲ್ಲಿ ಸುಟ್ಟ ಬಲ್ಬು, ಇನ್ನೊಂದರಲ್ಲಿ ಸೆಲ್ಲಿನ ತುದಿಗೆ ಕಾಗದದ ಚೂರು ಇಟ್ಟು ಗುಂಪುಗಳಿಗೆ ಕೊಡಿ. ಊಹೆಯನ್ನು ಮೊದಲು ಬರೆಯುವ ನಿಯಮವನ್ನು ಮಾತ್ರ ಬಿಡಬೇಡಿ. ಬರೆಯದೆ ಪರೀಕ್ಷಿಸಿದ ಮಗು ಕಂಡದ್ದಕ್ಕೆಲ್ಲ ಆಮೇಲೆ ಕಾರಣ ಹೊಂದಿಸುತ್ತದೆ. ಬರೆದು ಪರೀಕ್ಷಿಸಿದ ಮಗು ಒಂದೊಂದೇ ಕಾರಣವನ್ನು ಹೊಡೆದುಹಾಕುತ್ತ ಉಳಿದದ್ದನ್ನು ಹಿಡಿಯುತ್ತದೆ.